ಕಳೆದುಹೋದ ಕೊಂಡಿಗಳು: ಹಳೆಯ ಹವ್ಯಾಸಿ ರೇಡಿಯೋ ಯಂತ್ರಗಳ ಚರಿತ್ರೆಯಿಂದ ಒಂದು ಅಧ್ಯಾಯ

ಚರಿತ್ರೆಯೆಂದೊಡನೆ ಶಾಸನ, ನಾಣ್ಯ, ಕೋಟೆಕೊತ್ತಲಗಳು ನಮ್ಮ ಕಣ್ಣ ಮುಂದೆ ಬರುವುವು. ಕಾಲೇಜಿನಲ್ಲಿ ನಾವು ಹೇಳುವ ಪಾಠಗಳೂ ಬಹುಮಟ್ಟಿಗೆ ಅಂಥವೇ. ಆದರೆ ಕಳೆದ ಶತಮಾನದ ಚರಿತ್ರೆಯನ್ನು ಸರಿಯಾಗಿ ಅರಿಯಬೇಕಾದರೆ ತಾಮ್ರಶಾಸನದ ಜೊತೆಗೆ ತಾಮ್ರದ ತಂತಿಯನ್ನೂ ಓದಬೇಕಾಗುವುದು. ಇಂದು ನಾವು ಹೇಳಹೊರಟಿರುವುದು ಆ ತಂತಿಯ ತುದಿಯಲ್ಲಿರುವ ಒಂದು ಸಣ್ಣ ವಸ್ತುವಿನ ವಿಷಯ. ಯಂತ್ರಕ್ಕೂ ತಂತಿಗೂ ನಡುವೆ ಇದ್ದುಕೊಂಡು, ಬೇಕಾದಾಗ ಕೂಡಿಸುವುದಕ್ಕೂ ಬೇಡವಾದಾಗ ಬಿಡಿಸುವುದಕ್ಕೂ ಅನುಕೂಲವಾಗಿರುವ ಸಾಧನವದು. ಮುಂದಕ್ಕೆ ಚಾಚಿದ ಮುಳ್ಳುಗಳುಳ್ಳದ್ದು ಪ್ಲಗ್ಗು. ಆ ಮುಳ್ಳುಗಳನ್ನು ಒಳಗೊಳ್ಳುವ ಗುಳಿಗಳುಳ್ಳದ್ದು ಸಾಕೆಟ್ಟು. ಎರಡನ್ನೂ ಒಟ್ಟಿಗೆ ಕೊಂಡಿ ಎಂದು ಕರೆಯೋಣ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದ ಬಗೆಯನ್ನು ಮೊದಲು ಹೇಳುವುದು ಉಚಿತ. ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜ ಹವ್ಯಾಸಿ ರೇಡಿಯೋಗಾರರಾಗಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಅವರು ಬಿಟ್ಟುಹೋದ ಕರಿಯ ಗ್ರಾಹಕಯಂತ್ರವೊಂದು ಮನೆಯ ಅಟ್ಟದ ಮೇಲೆ ಬಿದ್ದಿತ್ತು. ಅದರ ಜೊತೆಗೆ ವಿದ್ಯುತ್ತನ್ನು ಒದಗಿಸುವ ಮರದ ಪೆಟ್ಟಿಗೆಯೊಂದಿತ್ತು. ಆದರೆ ಪೆಟ್ಟಿಗೆಯಿಂದ ಹೊರಟ ತಂತಿಯ ತುದಿ ಬೋಳಾಗಿತ್ತು. ಮನೆ ಬದಲಾಯಿಸುವಾಗ ಸಾಮಾನು ಹೊತ್ತವರು ತಂತಿಯನ್ನು ಕತ್ತರಿಸಿದ್ದರು. ತುದಿಯ ಪ್ಲಗ್ಗು ಎಲ್ಲಿಯೋ ಬಿದ್ದುಹೋಗಿತ್ತು. ಹುಡುಗ ಅದನ್ನು ನಮಗೆ ತೋರಿಸಿದಾಗ ಅವನ ಅಜ್ಜಿ ಒಂದೇ ಮಾತು ಹೇಳಿದರು: "ನೋಡಿ ಮೇಷ್ಟ್ರೇ, ಅದು ಮಾತಾಡೋದಾದರೆ ಮನೇಲಿರಲಿ. ಮಾತಾಡದೆ ಹೋದರೆ ದೀಪಾವಳಿಗೆ ಮುಂಚೆ ಗುಜರಿಯವನಿಗೆ ಹಾಕಿಬಿಡ್ತೀನಿ. ಸತ್ತವರ ಸಾಮಾನು ನೋಡ್ತಾ ಕೂರೋಕೆ ನನಗೆ ಆಗೋದಿಲ್ಲ." ಆ ತಾಯಿಯ ಮಾತಿನಲ್ಲಿ ನ್ಯಾಯವಿತ್ತು. ಹೀಗೆ ಒಂದು ಯಂತ್ರದ ಬಾಳು ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಂಡಿಯನ್ನು ಅವಲಂಬಿಸಿ ನಿಂತಿತು.

ಆ ಯಂತ್ರ ಯಾವುದೆಂಬುದು ಬೇಗನೆ ತಿಳಿಯಿತು. ಅದು ಅಮೆರಿಕದ ಸೈನ್ಯದ ಬಿ.ಸಿ. ೩೪೮ ಎಂಬ ಗ್ರಾಹಕಯಂತ್ರ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರು ವಿಮಾನಗಳಲ್ಲಿ ಕುಳಿತು ಲೋಕವನ್ನು ಸುತ್ತಿದ ಜಾತಿಯದು. ಇಂಥ ಯಂತ್ರ ನಮ್ಮ ನಾಡಿನಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ೧೯೪೦ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದೊಡನೆ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ೧೯೪೩ರಲ್ಲಿ ಅಮೆರಿಕದ ಸೈನ್ಯದ ಆಡಳಿತಕ್ಕೆ ಬಂದು, ಬರ್ಮಾ ಮತ್ತು ಚೀನದ ರಣರಂಗಗಳಲ್ಲಿ ಹಾರುತ್ತಿದ್ದ ವಿಮಾನಗಳ ದುರಸ್ತಿಯ ಕೇಂದ್ರವಾಗಿ ಕೆಲಸಮಾಡಿತು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಸರಕು ಡಿಸ್ಪೋಸಲ್ ಮಾಲು ಎಂಬ ಹೆಸರಿನಿಂದ ದೇಶದ ಪೇಟೆಗಳಿಗೆ ಬಂದಿತು. ಎಳೆಯ ಸಂಬಳದ ತರುಣರು ಕನಸಿನಲ್ಲಿಯೂ ಕೊಳ್ಳಲಾರದಿದ್ದ ಯಂತ್ರಗಳು ತೂಕದ ಲೆಕ್ಕದಲ್ಲಿ ಸಿಕ್ಕಿದುವು. ಆದರೆ ವಿಮಾನದಿಂದ ಯಂತ್ರವನ್ನು ಕೀಳುವವನು ಅವಸರದ ಮನುಷ್ಯ. ಅವನು ಕೊಂಡಿಯನ್ನು ತಿರುಗಿಸಿ ಬಿಡಿಸುತ್ತ ಕೂರುವನೆ? ತಂತಿಯನ್ನು ಕತ್ತರಿಸಿ ಪೆಟ್ಟಿಗೆಯನ್ನು ಎತ್ತಿಕೊಳ್ಳುವನು. ಯಂತ್ರ ಒಂದು ಗಾಡಿಗೆ, ತಂತಿ ಮತ್ತು ಕೊಂಡಿ ಇನ್ನೊಂದು ಗಾಡಿಗೆ. ಹಳೆಯ ಯಂತ್ರ ಸಿಕ್ಕಿದರೂ ಅದರ ಕೊಂಡಿ ಸಿಕ್ಕದಿರುವುದಕ್ಕೆ ಇದು ಮೊದಲನೆಯ ಕಾರಣ.

ಎರಡನೆಯ ಕಾರಣವನ್ನು ತಿಳಿಯಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು.

೧೮೭೮ರ ಜನವರಿ ೨೮ರಂದು ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಲೋಕದ ಮೊಟ್ಟಮೊದಲ ವಾಣಿಜ್ಯ ದೂರವಾಣಿ ವಿನಿಮಯ ಕೇಂದ್ರವು ೨೧ ಜನ ಚಂದಾದಾರರೊಡನೆ ಆರಂಭವಾಯಿತು. ಅದನ್ನು ಕಟ್ಟಿದ ಜಾರ್ಜ್ ಕಾಯ್ ಎಂಬಾತನಿಗೆ ಕೊಂಡಿಗಳನ್ನು ಮಾರುವ ಅಂಗಡಿಯೇ ಇರಲಿಲ್ಲ. ಆತ ಗಾಡಿಗೆ ಹಾಕುವ ಬೋಲ್ಟುಗಳನ್ನೂ, ಟೀ ಪಾತ್ರೆಗಳ ಮುಚ್ಚಳದ ಹಿಡಿಗಳನ್ನೂ, ಹೆಂಗಸರ ಉಡುಪಿನ ಒಳಗೆ ಇಡುತ್ತಿದ್ದ ತಂತಿಯನ್ನೂ ಕೂಡಿಸಿ ತನ್ನ ಹಲಗೆಯನ್ನು ಸಿದ್ಧಪಡಿಸಿದನು. ಕೊಂಡಿಯ ಚರಿತ್ರೆ ಹೀಗೆ ಇನ್ನೊಂದು ಕಸುಬಿನಿಂದ ಎರವಲು ತರುವುದರಿಂದಲೇ ಮೊದಲಾಯಿತು. ಸ್ವಲ್ಪ ಕಾಲದಲ್ಲಿಯೇ ಚಾರ್ಲ್ಸ್ ಸ್ಕ್ರಿಬ್ನರ್ ಎಂಬ ತಂತ್ರಜ್ಞನು ಮಡಿಸುವ ಚಾಕುವಿನಂತೆ ತೆರೆದು ಮುಚ್ಚುವ ಒಂದು ಸಾಧನವನ್ನು ನಿರ್ಮಿಸಿದನು. ಅಂಥ ಚಾಕುವಿಗೆ ಇಂಗ್ಲಿಷಿನಲ್ಲಿ ಜಾಕ್‌ನೈಫ್ ಎಂದು ಹೆಸರು. ಅದೇ ಹೆಸರು ಸವೆದು ಇಂದಿಗೂ ಉಳಿದಿರುವ ಜಾಕ್ ಎಂಬ ಮಾತಾಯಿತು. ದೂರವಾಣಿಯ ಹುಡುಗಿಯರು ಸರಸರನೆ ಚುಚ್ಚಿ ಕೀಳುತ್ತಿದ್ದ ಕಾಲು ಅಂಗುಲ ದಪ್ಪದ ಪ್ಲಗ್ಗಿನ ಸಂತತಿಯವರೇ ಈಗ ಗಿಟಾರ್ ವಾದ್ಯದಲ್ಲಿಯೂ ಧ್ವನಿವರ್ಧಕದಲ್ಲಿಯೂ ಕಾಣುವ ೬.೩೫ ಮಿಲಿಮೀಟರಿನ ಪ್ಲಗ್ಗುಗಳು. ಆ ಬಗೆಯ ವಿನಿಮಯ ಹಲಗೆಗಳು ಮೂಲೆಗೆ ಬಿದ್ದುವು. ಪ್ಲಗ್ಗು ಮಾತ್ರ ಸಂಗೀತಗಾರರ ಕೈಸೇರಿ ಬದುಕಿಕೊಂಡಿತು.

ಮೊದಲ ಹವ್ಯಾಸಿ ರೇಡಿಯೋಗಾರರಿಗೆ ಕೊಂಡಿಯ ಗೋಜೇ ಇರಲಿಲ್ಲವೆನ್ನಬಹುದು. ತಂತಿಯ ತುದಿಯನ್ನು ಕೆರೆದು ಹಿತ್ತಾಳೆಯ ತಿರುಪಿಗೆ ಸುತ್ತಿಬಿಡುತ್ತಿದ್ದರು. ಇಲ್ಲವೆ ೧೯೦೭ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದ ಫಾನ್‌ಸ್ಟಾಕ್ ಕ್ಲಿಪ್ಪು ಎಂಬ ಬಾಗಿದ ಹಿತ್ತಾಳೆಯ ಪಟ್ಟಿಯನ್ನು ಬೆರಳಿನಿಂದ ಒತ್ತಿ ಅದರೊಳಗೆ ತಂತಿಯನ್ನು ತೂರಿಸುತ್ತಿದ್ದರು. ನಮ್ಮ ದೇಶದಲ್ಲಿ ೧೯೨೧ರಲ್ಲಿ ಅಮರೇಂದ್ರಚಂದ್ರ ಗುಪ್ತರು ೨ ಜೆ.ಕೆ. ಎಂಬ ಕರೆಸಂಕೇತದೊಡನೆ ಮೊದಲ ಹವ್ಯಾಸಿಯಾದರು. ಅವರ ಬೆನ್ನಿಗೆ ಮುಕುಲ್ ಬೋಸರು ಬಂದರು. ಆ ಕಾಲದ ಹವ್ಯಾಸಿ ತನ್ನ ಯಂತ್ರಕ್ಕೆ ತಾನೇ ಅಕ್ಕಸಾಲಿಗ, ತಾನೇ ಬಡಗಿ. ೧೯೩೫ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಚಿಕ್ಕ ಪ್ರೇಷಕಯಂತ್ರವನ್ನು ಇಟ್ಟುಕೊಂಡು ಆಕಾಶವಾಣಿಯನ್ನು ಆರಂಭಿಸಿದ್ದು ಇದೇ ಸ್ವಂತ ಕೈಗೆಲಸದ ಉತ್ಸಾಹದಿಂದ. ಮುಂದೆ ಅದು ಸಂಸ್ಥಾನದ ಸರ್ಕಾರದ ವಶಕ್ಕೆ ಬಂದು ಬೆಳೆದ ಕಥೆ ಕೇಳುಗರಿಗೆ ತಿಳಿದೇ ಇದೆ.

ಅದೇ ೧೯೩೫ರಲ್ಲಿ, ಸಮುದ್ರದ ಆಚೆ, ನಮ್ಮ ಕಥೆಗೆ ಬೇಕಾದ ಇನ್ನೊಂದು ಘಟನೆ ನಡೆಯಿತು. ಅದುವರೆಗೆ ರೇಡಿಯೋ ವಾಲ್ವುಗಳ ಬುಡದಲ್ಲಿ ನಾಲ್ಕು, ಐದು, ಆರು, ಏಳು ಹೀಗೆ ನಾನಾ ಸಂಖ್ಯೆಯ ಮುಳ್ಳುಗಳಿದ್ದುವು. ಬ್ರಿಟನ್ನಿನ ಬುಡ ಅಮೆರಿಕದ ಗುಳಿಗೆ ಕೂರುತ್ತಿರಲಿಲ್ಲ. ಅಮೆರಿಕದ ಆರ್.ಸಿ.ಎ. ಕಂಪೆನಿಯು ೧೯೩೫ರಲ್ಲಿ ಲೋಹದ ವಾಲ್ವುಗಳೊಡನೆ ಆಕ್ಟಲ್ ಎಂಬ ಹೊಸ ಬುಡವನ್ನು ಪೇಟೆಗೆ ತಂದಿತು. ವೃತ್ತಾಕಾರವಾಗಿ ಎಂಟು ಮುಳ್ಳು. ನಡುವೆ ಒಂದು ದಪ್ಪ ಗೂಟ. ಗೂಟದ ಒಂದು ಮಗ್ಗುಲಲ್ಲಿ ಉಬ್ಬಿದ ಗೆರೆ. ಆ ಗೆರೆ ಗುಳಿಯ ಕಚ್ಚಿಗೆ ಹೊಂದಿದ ಹೊರತು ವಾಲ್ವು ಒಳಗೆ ಇಳಿಯುವುದಿಲ್ಲ. ಕತ್ತಲೆಯಲ್ಲಿ ಕೈಯಾಡಿಸಿದರೂ ತಪ್ಪಾಗದು. ವಾಲ್ವಿಗಾಗಿ ಹುಟ್ಟಿದ ಈ ಬುಡವನ್ನು ಜನ ಬಹುಬೇಗ ಕೊಂಡಿಯಾಗಿಯೂ ಬಳಸತೊಡಗಿದರು. ಕೆಟ್ಟ ವಾಲ್ವಿನ ಗಾಜನ್ನು ಬಟ್ಟೆಯಲ್ಲಿ ಸುತ್ತಿ ಒಡೆದು, ಬುಡದ ಪೊಳ್ಳು ಮುಳ್ಳುಗಳನ್ನು ಕಾಯಿಸಿ ಹಳೆಯ ಬೆಸುಗೆಯನ್ನು ತೆಗೆದು, ಅದೇ ಮುಳ್ಳುಗಳಿಗೆ ಹೊಸ ತಂತಿಗಳನ್ನು ಬೆಸೆದರೆ ಎಂಟು ಎಳೆಯ ಪ್ಲಗ್ಗು ಕಾಸಿಲ್ಲದೆ ಸಿದ್ಧವಾಗುತ್ತಿತ್ತು.

ಇನ್ನು ಯುದ್ಧದ ಕಾಲ. ೧೯೩೯ರಲ್ಲಿ ಯುದ್ಧ ಹತ್ತಿಕೊಂಡಾಗ ಭಾರತದ ಹವ್ಯಾಸಿಗಳ ಪರವಾನಗಿಗಳು ರದ್ದಾದುವು. ಆದರೆ ಹವ್ಯಾಸಿಗಳು ಮೌನವಾಗಿದ್ದ ಆ ವರ್ಷಗಳಲ್ಲಿಯೇ ಅವರು ಮುಂದೆ ಬಳಸಬೇಕಾಗಿದ್ದ ಕೊಂಡಿಗಳಲ್ಲಿ ಅನೇಕವು ರೂಪುಗೊಂಡುವೆಂಬುದು ವಿಚಿತ್ರವಾದರೂ ನಿಜ. ಒಂದು ಕಾರ್ಖಾನೆಯಲ್ಲಿ ತಯಾರಾದ ಯಂತ್ರ ಇನ್ನೊಂದು ಕಾರ್ಖಾನೆಯ ತಂತಿಗೆ ರಣರಂಗದ ಕೆಸರಿನಲ್ಲಿಯೂ ಸೇರಲೇಬೇಕು. ಸೇರದಿದ್ದರೆ ಪ್ರಾಣ ಹೋಗುವುದು. ಆದ್ದರಿಂದ ಅಮೆರಿಕದ ಸೈನ್ಯದ ಸಿಗ್ನಲ್ ವಿಭಾಗವು ಪ್ರತಿಯೊಂದು ಕೊಂಡಿಗೂ ಅಕ್ಷರ ಮತ್ತು ಅಂಕಿಗಳ ಗುರುತನ್ನು ಕೊಟ್ಟಿತು. ಪಿ.ಎಲ್. ಎಂದರೆ ಪ್ಲಗ್ಗು, ಎಸ್.ಓ. ಎಂದರೆ ಸಾಕೆಟ್ಟು, ಜೆ.ಕೆ. ಎಂದರೆ ಜಾಕು. ಆಂಫಿನಾಲ್ ಕಂಪೆನಿಯ ಕ್ವಾಕೆನ್‌ಬುಶ್ ಎಂಬಾತನು ೧೯೩೦ರ ದಶಕದ ಕೊನೆಯಲ್ಲಿ ರೂಪಿಸಿದ ಆಂಟೆನಾ ಕೊಂಡಿಯು ಪಿ.ಎಲ್. ೨೫೯ ಮತ್ತು ಎಸ್.ಓ. ೨೩೯ ಎಂಬ ಅಂಕಿಗಳಿಂದ ಇಂದಿಗೂ ಹವ್ಯಾಸಿಗಳ ಬಾಯಲ್ಲಿದೆ. ಅದಕ್ಕೆ ಯು.ಎಚ್.ಎಫ್. ಕೊಂಡಿ ಎಂಬ ಹೆಸರೂ ಉಂಟು. ಈ ಹೆಸರು ಹೊಸಬರನ್ನು ದಾರಿತಪ್ಪಿಸುತ್ತದೆ. ಅದು ಹುಟ್ಟಿದಾಗ ೩೦ ಮೆಗಾಹರ್ಟ್ಸ್‌ಗಿಂತ ಮೇಲಿನದೆಲ್ಲ ಅತ್ಯುಚ್ಚವೆನಿಸಿತ್ತು, ಈಗ ಯು.ಎಚ್.ಎಫ್. ಎಂಬ ಮಾತು ೩೦೦ ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಸಲ್ಲುತ್ತದೆ. ಅಲ್ಲಿ ಈ ಕೊಂಡಿ ಚೆನ್ನಾಗಿ ಕೆಲಸಮಾಡದು. ಅಲ್ಲಿಗೆ ತಕ್ಕದ್ದು, ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ೧೯೪೦ರ ದಶಕದಲ್ಲಿ ನಿರ್ಮಿಸಿದ, ಅವನ ಹೆಸರಿನ ಮೊದಲಕ್ಷರವನ್ನೇ ಹೊತ್ತ ಎನ್ ಕೊಂಡಿ. ಅವನ ಹೆಸರಿಗೆ ಕಾರ್ಲ್ ಕಾನ್ಸೆಲ್ಮನ್ನನ ಹೆಸರೂ ಸೇರಿ, ಕಾಲು ಸುತ್ತು ತಿರುಗಿಸಿದರೆ ಬಿಗಿದುಕೊಳ್ಳುವ ಬಿ.ಎನ್.ಸಿ. ಕೊಂಡಿಗೆ ಹೆಸರಾಯಿತು.

ಈಗ ಎರಡನೆಯ ಕಾರಣವನ್ನು ಹೇಳಬಹುದು. ಸೈನ್ಯವು ಕೊಂಡಿಗಳಿಗೆ ಅಂಕಿಗಳನ್ನು ಕೊಟ್ಟಿತಲ್ಲದೆ ಅವುಗಳಿಗೆ ಚಿರಾಯುಷ್ಯವನ್ನೇನೂ ಕೊಡಲಿಲ್ಲ. ಯುದ್ಧ ಮುಗಿದೊಡನೆ ಅನೇಕ ಕೊಂಡಿಗಳ ಅಚ್ಚುಗಳು ಮೂಲೆಗೆ ಬಿದ್ದುವು. ಯಾವ ಕೊಂಡಿಯನ್ನು ಇನ್ನೊಂದು ಕಸುಬು ಕೈಹಿಡಿಯಿತೋ ಅದು ಉಳಿಯಿತು. ಯಾವುದನ್ನು ಯಾರೂ ಕೈಹಿಡಿಯಲಿಲ್ಲವೋ ಅದು ತನ್ನ ಯಂತ್ರಕ್ಕಿಂತ ಮುಂಚೆ ಅಳಿಯಿತು. ಇದು ನಮ್ಮ ಈ ಹುಡುಕಾಟದಿಂದ ನಾವು ಕಲಿತ ಮುಖ್ಯವಾದ ಪಾಠ. ಕೆಲವು ಉದಾಹರಣೆಗಳನ್ನು ನೋಡೋಣ.

ಯುದ್ಧಕಾಲದ ಸೈನಿಕರ ಶ್ರವಣಸಾಧನದ ಪ್ಲಗ್ಗು ಪಿ.ಎಲ್. ೫೫, ಮೈಕ್ರೋಫೋನಿನ ಪ್ಲಗ್ಗು ಪಿ.ಎಲ್. ೬೮. ಎರಡನೆಯದು ಕಾಲು ಅಂಗುಲಕ್ಕಿಂತ ಸ್ವಲ್ಪ ತೆಳು, ೫.೨ ಮಿಲಿಮೀಟರಿನಷ್ಟು, ಆದ್ದರಿಂದ ಸಂಗೀತದ ಅಂಗಡಿಯ ಪ್ಲಗ್ಗು ಅದರ ಜಾಕಿಗೆ ಹಿಡಿಸದು. ಹಳೆಯ ಮೈಕ್ರೋಫೋನು ಹಿಡಿದು ರೇಡಿಯೋ ಅಂಗಡಿಗಳನ್ನು ಸುತ್ತಿದವರು ಬರಿಗೈಯಲ್ಲಿ ಹಿಂದಿರುಗುವರು. ಆದರೆ ಇದೇ ಜೋಡಿಯನ್ನು ಸಣ್ಣ ವಿಮಾನಗಳ ಚಾಲಕರು ಇಂದಿಗೂ ತಮ್ಮ ಶ್ರವಣಸಾಧನಗಳಲ್ಲಿ ಬಳಸುತ್ತಾರೆ. ರೇಡಿಯೋ ಪೇಟೆಯಲ್ಲಿ ಸಿಕ್ಕದ ಪ್ಲಗ್ಗು ವಿಮಾನದ ಸಾಮಾನು ಮಾರುವವರಲ್ಲಿ ಹೊಸದಾಗಿ ಸಿಕ್ಕುತ್ತದೆ.

ಗೋಡೆಯ ಪ್ಲಗ್ಗಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಬ್ರಿಟನ್ನಿನಲ್ಲಿ ೧೯೩೪ರಲ್ಲಿ ಗೊತ್ತುಪಡಿಸಿದ ಮೂರು ದುಂಡು ಮುಳ್ಳುಗಳ ಕ್ರಮವಿತ್ತು. ೧೯೪೭ರಲ್ಲಿ ಅಲ್ಲಿಯವರು ಚಪ್ಪಟೆ ಮುಳ್ಳಿನ ಬೇರೊಂದು ಕ್ರಮವನ್ನು ತಂದರು. ಅದೇ ವರ್ಷ ಸ್ವತಂತ್ರರಾದ ನಾವು ಅವರ ಹಳೆಯ ದುಂಡು ಮುಳ್ಳನ್ನೇ ಉಳಿಸಿಕೊಂಡೆವು. ಆದುದರಿಂದ ೧೯೩೦ರ ದಶಕದ ಇಂಗ್ಲಿಷ್ ರೇಡಿಯೋ ಒಂದಕ್ಕೆ ಅದರ ತವರಿನ ಮನೆಗಳಲ್ಲಿ ಸುಲಭವಾಗಿ ದೊರೆಯದ ಗೋಡೆಯ ಗುಳಿ ಚಿಕ್ಕಪೇಟೆಯ ಯಾವ ಅಂಗಡಿಯಲ್ಲಿಯಾದರೂ ದೊರೆಯುವುದು.

ಆಕ್ಟಲ್ ಬುಡವೂ ಹೀಗೆಯೇ ಬದುಕಿತು. ಕಾರ್ಖಾನೆಗಳ ವಿದ್ಯುತ್ ಹಲಗೆಗಳಲ್ಲಿ ರಿಲೇ ಎಂಬ ಸಾಧನವನ್ನು ಚುಚ್ಚಿ ಕೂರಿಸುವುದಕ್ಕೆ ಎಂಟು ಮುಳ್ಳಿನ ಬುಡವೂ, ಅದರ ತಮ್ಮನಾದ ಹನ್ನೊಂದು ಮುಳ್ಳಿನ ಬುಡವೂ ಇಂದಿಗೂ ತಯಾರಾಗುತ್ತಿವೆ. ಹನ್ನೊಂದು ಮುಳ್ಳಿನದು ಹವ್ಯಾಸಿಗಳಿಗೆ ಎಷ್ಟು ಮುಖ್ಯವೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇವೆ. ೧೯೭೦ರ ದಶಕದಲ್ಲಿ ಲೋಕದ ಎಲ್ಲೆಡೆ ಹರಡಿದ ಜಪಾನಿನ ಎಫ್.ಟಿ. ೧೦೧ ಎಂಬ ಯಂತ್ರದ ಬೆನ್ನಿನಲ್ಲಿ ಅಂಥ ಒಂದು ಪ್ಲಗ್ಗು ಇರುತ್ತದೆ. ಅದರಿಂದ ಯಾವ ತಂತಿಯೂ ಹೊರಗೆ ಹೊರಡುವುದಿಲ್ಲ. ಧೂಳು ಒರೆಸುವವರು ಇದು ನಿರುಪಯೋಗಿಯೆಂದು ಎಸೆದುಬಿಟ್ಟರೆ ಯಂತ್ರ ಕೇಳುತ್ತದೆ, ಆದರೆ ಮಾತಾಡುವುದಿಲ್ಲ. ಏಕೆಂದರೆ ಆ ಪ್ಲಗ್ಗಿನ ಹೊಟ್ಟೆಯೊಳಗೆ ಎರಡು ಮುಳ್ಳುಗಳನ್ನು ಕೂಡಿಸಿದ ಒಂದು ತುಂಡು ತಂತಿಯಿದೆ. ಪ್ರೇಷಕದ ಕೊನೆಯ ವಾಲ್ವುಗಳನ್ನು ಕಾಯಿಸುವ ಪ್ರವಾಹ ಆ ತುಂಡಿನ ಮೂಲಕವೇ ಹರಿಯಬೇಕು. ಯಂತ್ರ ಕೆಟ್ಟಿತೆಂದು ಬಿಚ್ಚಿ ರಾತ್ರಿಗಳನ್ನು ಕಳೆಯುವುದಕ್ಕೆ ಮೊದಲು ಬೆನ್ನಿನ ಗುಳಿ ಬರಿದಾಗಿದೆಯೇ ಎಂದು ನೋಡುವುದು ಲೇಸು.

ಹೆಸರಿನ ಅಂಕಿಯೇ ತಿಳಿಯದಿದ್ದರೆ ಅಳತೆಯೊಂದೇ ದಾರಿ. ಮುಳ್ಳುಗಳೆಷ್ಟು, ಅವುಗಳ ದಪ್ಪವೆಷ್ಟು, ನಡುವಣ ದೂರವೆಷ್ಟು, ಉಂಗುರದ ತಿರುಪು ಎಂಥದು ಎಂಬುದನ್ನು ಬರೆದುಕೊಳ್ಳಬೇಕು. ಇಲ್ಲಿ ಕಣ್ಣನ್ನು ನಂಬಿದರೆ ಮೋಸಹೋಗುವೆವು. ಆಂಟೆನಾದ ಎಸ್.ಓ. ೨೩೯ ಸಾಕೆಟ್ಟಿನ ಹೊರಮೈಯೂ, ಹಳೆಯ ಅಮೆರಿಕನ್ ಮೈಕ್ರೋಫೋನುಗಳ ತಿರುಪು ಕೊಂಡಿಯೂ ನೋಡುವುದಕ್ಕೆ ಅಣ್ಣತಮ್ಮಂದಿರಂತಿವೆ. ಎರಡರ ವ್ಯಾಸವೂ ಅಂಗುಲದ ಎಂಟರಲ್ಲಿ ಐದು ಪಾಲು. ಆದರೆ ಮೊದಲನೆಯದರಲ್ಲಿ ಅಂಗುಲಕ್ಕೆ ೨೪ ಸುತ್ತು, ಎರಡನೆಯದರಲ್ಲಿ ೨೭ ಸುತ್ತು. ಒಂದನ್ನು ಇನ್ನೊಂದರ ಮೇಲೆ ಬಲವಂತದಿಂದ ತಿರುಗಿಸಿದರೆ ಮೊದಲ ಸುತ್ತು ಸೇರಿದಂತೆ ತೋರಿ, ಮುಂದೆ ಎರಡೂ ಹಾಳಾಗುವುವು. ಇದಕ್ಕೆ ಪ್ರತಿಯಾಗಿ, ಸಂಬಂಧವೇ ಇಲ್ಲವೆಂದು ತೋರುವ ಎರಡು ವಸ್ತುಗಳು ಕೆಲವೊಮ್ಮೆ ಕೂಡಿಕೊಳ್ಳುವುದುಂಟು. ಎಸ್.ಓ. ೨೩೯ರ ನಡುವಣ ಗುಳಿಗೆ ಪ್ರಯೋಗಶಾಲೆಗಳಲ್ಲಿ ಬಳಸುವ ನಾಲ್ಕು ಮಿಲಿಮೀಟರಿನ ಬನಾನಾ ಪ್ಲಗ್ಗು ಹಿತವಾಗಿ ಕೂರುತ್ತದೆ. ಸರಿಯಾದ ಪ್ಲಗ್ಗು ಸಿಕ್ಕುವವರೆಗೆ ಗ್ರಾಹಕಯಂತ್ರಕ್ಕೆ ಒಂದು ತುಂಡು ಆಂಟೆನಾ ಕಟ್ಟಿಕೊಳ್ಳುವುದಕ್ಕೆ ಅಷ್ಟು ಸಾಕು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಲೇಬೇಕು. ನಮಗೆ ಪರಿಚಯವಿದ್ದ ಒಂದು ಮನೆಯಲ್ಲಿ, ಬ್ಯಾಟರಿಯಿಂದ ನಡೆಯುವ ಹಳೆಯ ಯಂತ್ರವೊಂದರ ಕೊಂಡಿ ಕಳೆದಾಗ ಮನೆಯವರು ಕೈಗೆ ಸಿಕ್ಕಿದ ದುಂಡು ಮುಳ್ಳಿನ ಗೋಡೆಯ ಪ್ಲಗ್ಗನ್ನೇ ಅದಕ್ಕೆ ಹಾಕಿಸಿದ್ದರು. ಯಂತ್ರ ಎರಡು ವರ್ಷ ಸುಖವಾಗಿ ನಡೆಯಿತು. ಮೂರನೆಯ ವರ್ಷ ಬೇಸಗೆಯ ರಜಕ್ಕೆ ಬಂದ ನೆಂಟರ ಮಗು ಆ ಪ್ಲಗ್ಗನ್ನು ಗೋಡೆಗೆ ಚುಚ್ಚಿತು. ಮಗುವಿಗೆ ಏನೂ ಆಗಲಿಲ್ಲವೆಂಬುದು ದೈವಕೃಪೆ. ಯಂತ್ರ ಮಾತ್ರ ಹೊಗೆಯಾಡಿ ಸತ್ತಿತು. ನಮ್ಮ ನುಡಿಯಲ್ಲಿ ಭಾಷೆ ಎಂಬ ಪದಕ್ಕೆ ಆಡುವ ಮಾತು ಎಂಬ ಅರ್ಥವೂ ಕೊಟ್ಟ ಮಾತು ಎಂಬ ಅರ್ಥವೂ ಉಂಟಷ್ಟೆ. ಕೊಂಡಿಯ ಆಕಾರವೂ ಅಂಥ ಒಂದು ಭಾಷೆಯೇ. ಈ ಮುಳ್ಳು ಈ ಗುಳಿಯಲ್ಲಿ ಸೇರಿದರೆ ಅಪಾಯವಿಲ್ಲವೆಂದು ಅದು ಮಾತು ಕೊಡುತ್ತದೆ. ಆದುದರಿಂದ ಬದಲಿ ಕೊಂಡಿಯನ್ನು ಆರಿಸುವವನು, ಇದು ಕೂರುತ್ತದೆಯೆ ಎಂದು ಕೇಳಿದರೆ ಸಾಲದು. ಇದು ಬೇರೆ ಎಲ್ಲಿಯೂ ತಪ್ಪಿ ಕೂರುವುದಿಲ್ಲವೆ ಎಂದೂ ಕೇಳಿಕೊಳ್ಳಬೇಕು. ಹಾಗೆಯೇ ವಿದ್ಯುತ್ತು ಹೊರಡುವ ಕಡೆಗೆ ಗುಳಿಯೂ, ಅದನ್ನು ಪಡೆಯುವ ಕಡೆಗೆ ಮುಳ್ಳೂ ಇರತಕ್ಕದ್ದು. ಇದನ್ನು ತಲೆಕೆಳಗು ಮಾಡಿದರೆ, ಬಿಡಿಸಿದ ತಂತಿಯ ತುದಿಯಲ್ಲಿ ಇನ್ನೂರು ಮುನ್ನೂರು ವೋಲ್ಟು ಹೊತ್ತ ಮುಳ್ಳುಗಳು ಬೆರಳಿಗಾಗಿ ಕಾದಿರುವುವು.

ಈಗ ಅಟ್ಟದ ಮೇಲಣ ಯಂತ್ರಕ್ಕೆ ಹಿಂದಿರುಗೋಣ. ಇಲ್ಲಿ ನಮ್ಮ ಅವಿವೇಕವನ್ನು ನಾವೇ ಒಪ್ಪಿಕೊಳ್ಳಬೇಕಾಗಿದೆ. ಚರಿತ್ರೆಯ ಅಧ್ಯಾಪಕರಾದ ನಾವು ಮೊದಲು ಪುಸ್ತಕವನ್ನು ಹಿಡಿದೆವು. ಸೈನ್ಯದ ಕೈಪಿಡಿಯಲ್ಲಿ ಬಿ.ಸಿ. ೩೪೮ಕ್ಕೆ ಪಿ.ಎಲ್. ೧೦೩ ಎಂಬ ಎಂಟು ಸಂಪರ್ಕಗಳ ಪ್ಲಗ್ಗು ಬೇಕೆಂದು ಬರೆದಿತ್ತು. ಯಂತ್ರದ ಸಾಕೆಟ್ಟನ್ನು ನೋಡಿದೆವು, ಎಂಟು ಗುಳಿಗಳಿದ್ದುವು. ಪುಸ್ತಕದಲ್ಲಿ ಎಂಟು, ಯಂತ್ರದಲ್ಲಿ ಎಂಟು, ಇನ್ನೇನು ಬೇಕು? ಪಿ.ಎಲ್. ೧೦೩ಕ್ಕಾಗಿ ನಾಲ್ಕು ತಿಂಗಳು ಹುಡುಕಿದೆವು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಿದೆವು. ಪರದೇಶದಲ್ಲಿರುವ ಗೆಳೆಯರಿಗೆ ಬರೆದೆವು. ದೊರೆಯಿತೆಂದು ಬಂದ ಒಂದೇ ಒಂದು ಉತ್ತರದಲ್ಲಿ ಹೇಳಿದ್ದ ಬೆಲೆ ನಮ್ಮ ಶಕ್ತಿಗೆ ಮೀರಿತ್ತು. ದೀಪಾವಳಿ ಹತ್ತಿರವಾಗುತ್ತಿತ್ತು.

ಕೊನೆಗೆ ಒಂದು ಭಾನುವಾರ ಯಂತ್ರವನ್ನೇ ಆಟೋರಿಕ್ಷಾದಲ್ಲಿ ಇಟ್ಟುಕೊಂಡು ಬೆಂಗಳೂರಿನ ಸಂಡೇ ಬಜಾರಿಗೆ ಹೋದೆವು. ಅಲ್ಲಿ ನೆಲದ ಮೇಲೆ ಗೋಣಿ ಹಾಸಿಕೊಂಡು ಹಳೆಯ ಬಿಡಿಭಾಗಗಳನ್ನು ಮಾರುತ್ತಿದ್ದ ಮುದುಕರೊಬ್ಬರು ಕನ್ನಡಕವನ್ನು ಹಣೆಗೆ ಏರಿಸಿ ಸಾಕೆಟ್ಟಿನ ಮೇಲೆ ಹೆಬ್ಬೆರಳಾಡಿಸಿದರು. "ಇದಕ್ಕೆ ಮಿಲಿಟ್ರಿ ಪ್ಲಗ್ ಯಾಕೆ ಸಾರ್? ಇದು ವಾಲ್ವ್ ಹೋಲ್ಡರ್ ಅಲ್ವಾ? ನಡುವೆ ಕಚ್ಚು ನೋಡಿ. ಮೂಲದ್ದನ್ನ ಕಿತ್ತು ಯಾರೋ ಇದನ್ನ ಹಾಕವ್ರೆ. ಕೆಲಸಗಾರನೇ ಹಾಕಿರೋದು" ಎಂದರು. ನಾವು ಬಗ್ಗಿ ನೋಡಿದೆವು. ನಿಜ! ಎಂಟು ಗುಳಿಗಳು ವೃತ್ತವಾಗಿದ್ದುವು. ನಡುವೆ ಗೂಟದ ರಂಧ್ರ. ಅದರ ಒಂದು ಮಗ್ಗುಲಲ್ಲಿ ಕಚ್ಚು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಗಾದೆ ನಮ್ಮ ಪಾಲಿಗೆ ನಿಜವಾಗಿತ್ತು. ಹುಡುಗನ ಅಜ್ಜನಿಗೂ ಅರ್ಧ ಶತಮಾನದ ಹಿಂದೆ ಪಿ.ಎಲ್. ೧೦೩ ಸಿಕ್ಕಿರಲಾರದು. ಅವರು ನಮ್ಮಂತೆ ಅಲೆಯದೆ, ಮೂಲದ ಸಾಕೆಟ್ಟನ್ನು ತೆಗೆದು ಎಲ್ಲೆಲ್ಲಿಯೂ ಸಿಕ್ಕುವ ಆಕ್ಟಲ್ ಗುಳಿಯನ್ನು ಕೂರಿಸಿ, ಕೆಟ್ಟ ವಾಲ್ವಿನ ಬುಡದಿಂದ ಪ್ಲಗ್ಗು ಮಾಡಿಕೊಂಡಿದ್ದರು. ಪುಸ್ತಕದಲ್ಲಿದ್ದುದು ಸೈನ್ಯದ ಯಂತ್ರ. ನಮ್ಮ ಮುಂದಿದ್ದುದು ಆ ಮನುಷ್ಯರ ಯಂತ್ರ. ಗ್ರಂಥವನ್ನು ಓದಿ ವಸ್ತುವನ್ನು ಓದದಿದ್ದರೆ ಎಂಥ ಪ್ರಮಾದವಾಗುವುದೆಂದು ನಾವು ವರ್ಷವರ್ಷವೂ ತರಗತಿಯಲ್ಲಿ ಹೇಳುವುದುಂಟು. ಆ ದಿನ ನಾವೇ ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದಂತಾಯಿತು.

ಮುದುಕರು ತಮ್ಮ ಡಬ್ಬಿಯಿಂದ ಗಾಜು ಒಡೆದ ಒಂದು ವಾಲ್ವಿನ ಬುಡವನ್ನು ತೆಗೆದುಕೊಟ್ಟರು. ಮುಂದಿನ ಕೆಲಸವನ್ನು ಅವಸರವಿಲ್ಲದೆ ಮಾಡಿದೆವು. ಯಾವ ಗುಳಿಯ ಬೆನ್ನಿನಿಂದ ಯಾವ ತಂತಿ ಎಲ್ಲಿಗೆ ಹೋಗಿದೆಯೆಂಬುದನ್ನು ಭೌತಶಾಸ್ತ್ರದ ನಮ್ಮ ಸಹೋದ್ಯೋಗಿಯೊಬ್ಬರು ಮೀಟರು ಹಿಡಿದು ಒಂದೊಂದಾಗಿ ಪತ್ತೆಹಚ್ಚಿ ಕಾಗದದ ಮೇಲೆ ಬರೆದರು. ಮರದ ಪೆಟ್ಟಿಗೆಯ ಹಳೆಯ ಕೆಪಾಸಿಟರುಗಳನ್ನು ಬದಲಾಯಿಸಿದರು. ಬಹುಕಾಲ ಮಲಗಿದ್ದ ಯಂತ್ರಕ್ಕೆ ಒಮ್ಮೆಲೇ ಪೂರ್ಣ ವಿದ್ಯುತ್ತನ್ನು ಕೊಡಬಾರದಾದ್ದರಿಂದ, ದಾರಿಯಲ್ಲಿ ಒಂದು ಹಳೆಯ ಬಲ್ಬನ್ನು ಸೇರಿಸಿ ನೋಡಿದರು. ಎಲ್ಲಕ್ಕೂ ಕೊನೆಯಲ್ಲಿ ಪ್ಲಗ್ಗಿನ ಉಬ್ಬುಗೆರೆಯನ್ನು ಕಚ್ಚಿಗೆ ಹೊಂದಿಸಿ ಒತ್ತಿದೆವು.

ಅದು ಹುಡುಗನ ಮನೆಯ ನಡುಮನೆಯಲ್ಲಿ ಒಂದು ಬೆಳಗಿನ ಸಮಯ. ವಾಲ್ವುಗಳು ಕಾಯುವವರೆಗೆ ಯಾರೂ ಮಾತಾಡಲಿಲ್ಲ. ಮೊದಲು ಮಳೆಯಂಥ ಸದ್ದು. ಆಮೇಲೆ ಹುಡುಗ ಗುಂಡಿಯನ್ನು ಏಳು ಮೆಗಾಹರ್ಟ್ಸ್‌ನ ಕಡೆಗೆ ತಿರುಗಿಸಿದಾಗ, ಹವ್ಯಾಸಿಯೊಬ್ಬರು ಕಳುಹಿಸುತ್ತಿದ್ದ ಮೋರ್ಸ್ ಸಂಕೇತದ ಸಣ್ಣ ಶಿಳ್ಳೆ ಸ್ಪಷ್ಟವಾಗಿ ಕೇಳಿಸಿತು. ಅಡುಗೆಮನೆಯಿಂದ ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ಕೇಳಿ, "ಇದೇ ಗಲಾಟೆ. ಮದುವೆಯಾಗಿ ಬಂದ ವರ್ಷ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ ನನಗೆ" ಎ೦ದರು. ಆಮೇಲೆ ಮೊಮ್ಮಗನ ಕಡೆಗೆ ತಿರುಗಿ, "ಅಟ್ಟಕ್ಕೆ ಹಾಕಬೇಡ, ಇಲ್ಲೇ ಇಡು" ಎಂದು ಹೇಳಿ ಒಳಗೆ ಹೋದರು. ಕಾಫಿ ಬರುವುದು ಆ ದಿನ ಸ್ವಲ್ಪ ತಡವಾಯಿತು.

ಇಂಥ ಯಂತ್ರಗಳಿಗೆ ಮೂಲದ ಸಾಕೆಟ್ಟನ್ನೇ ಹುಡುಕಿ ಹಾಕಬೇಕೆ, ಅಥವಾ ಹಿಂದಿನವರು ಮಾಡಿದ ಬದಲಾವಣೆಯನ್ನು ಹಾಗೆಯೇ ಉಳಿಸಬೇಕೆ ಎಂಬ ಪ್ರಶ್ನೆಯನ್ನು ಕೆಲವರು ಕೇಳುವರು. ವಸ್ತುಸಂಗ್ರಹಾಲಯದಲ್ಲಿ ಇಡತಕ್ಕ, ಯಾರೂ ಕೈಹಾಕದ ಯಂತ್ರವಾದರೆ ಮೂಲರೂಪವನ್ನು ಕಾಯುವುದು ಸರಿ. ಹೊಸ ಕೊಂಡಿಗಾಗಿ ಅದರ ತಗಡಿನಲ್ಲಿ ತೂತು ಕೊರೆಯುವುದು ಶಾಸನದ ಕಲ್ಲನ್ನು ಒಗೆಯುವ ಕಲ್ಲಾಗಿ ಮಾಡಿದಂತೆ. ಅಂಥ ಕಡೆ ಯಂತ್ರವನ್ನು ಮುಟ್ಟದೆ, ಹೊರಗೆ ಒಂದು ಗೇಣು ತಂತಿಯಲ್ಲಿ ಹಳೆಯ ಕೊಂಡಿಯಿಂದ ಹೊಸ ಕೊಂಡಿಗೆ ಸೇತುವೆ ಕಟ್ಟುವುದು ಉತ್ತಮ. ಆದರೆ ಒಬ್ಬ ಬಡ ಹವ್ಯಾಸಿ ತನ್ನ ಕೈಯಾರೆ ಮಾಡಿದ ಮಾರ್ಪಾಡೂ ಚರಿತ್ರೆಯೇ. ನಮ್ಮ ನಾಡಿನಲ್ಲಿ ಯುದ್ಧದ ಯಂತ್ರ ಹೇಗೆ ಮನೆಯ ಯಂತ್ರವಾಯಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೊಂದಿಲ್ಲ.

ಕೇಳುಗರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಯಂತ್ರವೇನಾದರೂ ಇದ್ದರೆ, ಅದರ ತಂತಿಯನ್ನು ಕತ್ತರಿಸುವುದಕ್ಕೆ ಯಾರಿಗೂ ಬಿಡಬೇಡಿ. ಬಿಡಿಸಿದ ಪ್ಲಗ್ಗನ್ನು ದಾರದಿಂದ ಯಂತ್ರದ ಹಿಡಿಗೇ ಕಟ್ಟಿಡಿ. ಯಾವ ಮುಳ್ಳಿಗೆ ಯಾವ ತಂತಿಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಿ, ತಾರೀಖನ್ನೂ ಹಾಕಿ. ನಮ್ಮ ವಿದ್ಯಾರ್ಥಿ ಈಗ ಹಾಗೆಯೇ ಮಾಡಿದ್ದಾನೆ. ಚೀಟಿಯ ಮೇಲಿನ ಸಾಲಿನಲ್ಲಿ ಅಜ್ಜನ ಕರೆಸಂಕೇತವಿದೆ. ಕೆಳಗಿನ ಸಾಲು ಬರಿದಾಗಿದೆ. ಹವ್ಯಾಸಿಗಳ ಪರೀಕ್ಷೆಗೆ ಅವನು ಓದುತ್ತಿದ್ದಾನೆ.